ಟೆಕ್ನಿಕ್ಸ್ ಎಸ್‌ಎಲ್-1200 ಟರ್ನ್‌ಟೇಬಲ್ಲಿನ ಆರ್ಮಿಗೆ (ಸೂಜಿ ಹೊತ್ತ ತೋಳಿಗೆ) ಯಾವ ಕಾರ್ಟ್ರಿಜ್ ಹೊಂದುತ್ತದೆ? ಮೂರರಲ್ಲಿ ಒಂದು ಆರಿಸಬೇಕು

ಮೆತ್ತಿನಮನೆ, ಶಿರಸಿ

ಎಲ್ಲರಿಗೂ ನಮಸ್ಕಾರ. ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಟರ್ನ್‌ಟೇಬಲ್ (ರೆಕಾರ್ಡ್ ನುಡಿಸುವ ಯಂತ್ರ) ಒಂದು ಸಿಕ್ಕಿದೆ. ಮೋಟಾರು ಸರಿ ಇದೆ, ಆರ್ಮಿನ ಬೇರಿಂಗಿನಲ್ಲಿ ಅಲುಗಾಟ ಇಲ್ಲ, ಹೆಡ್‌ಶೆಲ್ (ಆರ್ಮಿನ ತುದಿಗೆ ಸಿಕ್ಕಿಸುವ ತಲೆ) ಕಂಪನಿಯದ್ದೇ. ಅದಕ್ಕೆ ಕೂರಿಸುವ ಕಾರ್ಟ್ರಿಜ್ (ಸೂಜಿ ಇರುವ ಪುಟ್ಟ ಪೆಟ್ಟಿಗೆ) ಮಾತ್ರ ಇಲ್ಲ. ಹೆಡ್‌ಶೆಲ್ಲಿನ ನಾಲ್ಕೂ ತಂತಿಗಳ ತುದಿ ಹಸಿರುಗಟ್ಟಿದೆ.

ನೋಡಿಟ್ಟಿರುವುದು ಮೂರು: ಆಡಿಯೋ-ಟೆಕ್ನಿಕಾ ವಿಎಂ95ಎಂಎಲ್, ಆರ್ಟೋಫೋನ್ 2ಎಂ ಬ್ಲೂ, ಡೆನಾನ್ ಡಿಎಲ್-103. ಆರ್ಮಿಗೆ ಹೊಂದುವ ಕಾರ್ಟ್ರಿಜ್ ತಗೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಹೊಂದುವುದು ಅಂದರೆ ಏನು, ಅದರ ಲೆಕ್ಕ ಹೇಗೆ ಎಂದು ಬಿಡಿಸಿ ಹೇಳಿದವರು ಕಡಿಮೆ.

ನಮ್ಮಲ್ಲಿರುವ ರೆಕಾರ್ಡುಗಳಲ್ಲಿ ಮುಕ್ಕಾಲು ಪಾಲು ಹಿಂದೂಸ್ತಾನಿ ಖಯಾಲ್ ಎಲ್‌ಪಿಗಳು, ಒಂದೊಂದು ಬದಿಯೂ 20 ನಿಮಿಷದ ಮೇಲೆ. ಉಳಿದದ್ದು ಯಕ್ಷಗಾನ, ಸಿನಿಮಾ ಹಾಡಿನ ಇಪಿಗಳು, ನಿಮಿಷಕ್ಕೆ 78 ಸುತ್ತಿನ ಹತ್ತು-ಹನ್ನೆರಡು ತಟ್ಟೆಗಳು. ಆಂಪ್ಲಿಫೈಯರಿನಲ್ಲಿ ಫೋನೋ (ಕಾರ್ಟ್ರಿಜ್ಜಿನ ಸಣ್ಣ ಸಿಗ್ನಲ್ ಹಿಗ್ಗಿಸುವ ಭಾಗ) ಇದೆ, ಆದರೆ ಎಂಎಂ, ಅಂದರೆ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ಜಿಗೆ ಮಾತ್ರ. ಟರ್ನ್‌ಟೇಬಲ್ ಇಡುವ ಜಾಗ ಮೆತ್ತಿನ ಮೇಲೆ, ಹಲಗೆ ನೆಲ, ಮರದ ಕಪಾಟಿನ ಮೇಲೆ. ಮೂರರಲ್ಲಿ ಯಾವುದು? ಕೂರಿಸುವಾಗ ಏನೇನು ನೋಡಿಕೊಳ್ಳಬೇಕು?


ಕಾಳಿದಂಡೆ, ಕಾರವಾರ

ಮೊದಲು ತೂಕ ಮತ್ತು ಬಳುಕಿನ ಲೆಕ್ಕ ಹಾಕೋಣ, ಸೂಜಿಯ ಆಕಾರದ ಮಾತು ಆಮೇಲೆ.

ಸೂಜಿ ಹಿಡಿದ ಕಡ್ಡಿ ಒಂದು ರಬ್ಬರ್ ಬಳೆಯಲ್ಲಿ ಕೂತಿರುತ್ತದೆ. ಆ ರಬ್ಬರೇ ಸ್ಪ್ರಿಂಗು. ಅದರ ಬಳುಕನ್ನೇ ಡಬ್ಬಿಯ ಮೇಲೆ ಕಂಪ್ಲಯನ್ಸ್ ಎಂದು ಬರೆದಿರುತ್ತಾರೆ. ಆ ಸ್ಪ್ರಿಂಗಿನ ಮೇಲೆ ಆರ್ಮು, ಕಾರ್ಟ್ರಿಜ್ಜು, ಸ್ಕ್ರೂ ಎಲ್ಲ ಸೇರಿ ಒಂದು ಭಾರ ತೂಗುತ್ತಿರುತ್ತದೆ. ಭಾರ ಕಟ್ಟಿದ ಸ್ಪ್ರಿಂಗಿಗೆ ತನ್ನದೇ ಆದ ತೂಗಾಟದ ಲಯ ಇದ್ದೇ ಇದೆ. ಅದನ್ನು ಎಲ್ಲಿ ನಿಲ್ಲಿಸುತ್ತೇವೆ ಎನ್ನುವುದೇ ಹೊಂದಾಣಿಕೆ.

ಅದು 8ರಿಂದ 12 ಹರ್ಟ್ಜ್ ಒಳಗೆ ಬೀಳಬೇಕು. ಕಾರಣ ಇಷ್ಟು: ತಟ್ಟೆ ನಿಮಿಷಕ್ಕೆ 33⅓ ಸುತ್ತು ಸುತ್ತುವಾಗ ಒಂದು ಉಬ್ಬು ಸೆಕೆಂಡಿಗೆ 0.56 ಸಲ ಬರುತ್ತದೆ. ಸಣ್ಣಸಣ್ಣ ಸೊಟ್ಟಗಳು ಸೇರಿ 5–6 ಹರ್ಟ್ಜ್ ತನಕ ಗಲಾಟೆ ಇರುತ್ತದೆ. ಮೇಲ್ಗಡೆ 20 ಹರ್ಟ್ಜಿನಿಂದ ಸಂಗೀತ ಶುರು. ಎರಡರ ನಡುವಿನ ಖಾಲಿ ಜಾಗದಲ್ಲಿ ಲಯ ಕೂತರೆ ಯಾವುದೂ ಅದನ್ನು ಕೆಣಕುವುದಿಲ್ಲ. 6ಕ್ಕೆ ಇಳಿದರೆ ಸೊಟ್ಟ ತಟ್ಟೆಯ ಮೇಲೆ ಆರ್ಮ್ ಕುಣಿಯುತ್ತದೆ, ಊಫರಿನ (ತಗ್ಗು ಸ್ವರದ ಸ್ಪೀಕರಿನ) ಕಾಗದ ಹಾಡಿಗೆ ಸಂಬಂಧವೇ ಇಲ್ಲದೆ ಒಳಗೆ-ಹೊರಗೆ ಉಸಿರಾಡುತ್ತದೆ. 15ರ ಮೇಲೆ ಹೋದರೆ ತಗ್ಗು ಸ್ವರಗಳು ಊದಿಕೊಳ್ಳುತ್ತವೆ, ಮೋಟಾರಿನ ಗುರುಗುಟ್ಟುವಿಕೆಯೂ ಜೊತೆಗೆ ಸೇರುತ್ತದೆ.

ಲೆಕ್ಕ ಹೀಗೆ. ಆರ್ಮಿನ ಎಫೆಕ್ಟಿವ್ ಮಾಸ್, ಕಾರ್ಟ್ರಿಜ್ ತೂಕ, ಸ್ಕ್ರೂ-ನಟ್ಟಿನ ತೂಕ ಮೂರನ್ನೂ ಗ್ರಾಮಿನಲ್ಲಿ ಕೂಡಿ. ಅದನ್ನು ಕಂಪ್ಲಯನ್ಸಿನಿಂದ ಗುಣಿಸಿ, ವರ್ಗಮೂಲ ತೆಗೆಯಿರಿ. 159 ಅನ್ನು ಅದರಿಂದ ಭಾಗಿಸಿದರೆ ಬರುವುದು ಹರ್ಟ್ಜ್.

ಇಲ್ಲಿ ಎರಡು ಕಡೆ ಕಾಲು ಜಾರುತ್ತದೆ. ಒಂದು, ಎಫೆಕ್ಟಿವ್ ಮಾಸ್ ಅಂದರೆ ತಕ್ಕಡಿಯಲ್ಲಿಟ್ಟ ತೂಕ ಅಲ್ಲ, ಸೂಜಿಯ ತುದಿಗೆ ಅನ್ನಿಸುವ ಭಾರ. ಅಡಿಕೆ ಕೊಯ್ಯುವ ದೋಟಿಯ ತುದಿಗೆ ಕಾಲು ಕಿಲೋ ಕಟ್ಟಿದರೂ ಕೈ ಸೋಲುತ್ತದೆ, ಅದನ್ನೇ ಹಿಡಿಯ ಹತ್ತಿರ ಕಟ್ಟಿದರೆ ಗೊತ್ತೇ ಆಗುವುದಿಲ್ಲ. ಹಾಗೆಯೇ ಹೆಡ್‌ಶೆಲ್ಲಿಗೆ 3 ಗ್ರಾಂ ಸೇರಿಸಿದರೆ ಹೆಚ್ಚುಕಡಿಮೆ 3 ಗ್ರಾಮೂ ಲೆಕ್ಕಕ್ಕೆ ಬರುತ್ತದೆ. ಹಿಂದಿನ ಕೌಂಟರ್‌ವೇಟು ಎಷ್ಟು ದಪ್ಪ ಇದ್ದರೂ ಬೇರಿಂಗಿಗೆ ಹತ್ತಿರ ಇರುವುದರಿಂದ ಸೇರುವುದು ಅಲ್ಪ. ನಿಮ್ಮ ಆರ್ಮಿಗೆ ಟೆಕ್ನಿಕ್ಸ್ ಕೊಟ್ಟ ಅಂಕಿ 12 ಗ್ರಾಂ. ಅದು 7.5 ಗ್ರಾಮಿನ ಮೂಲ ಹೆಡ್‌ಶೆಲ್ಲನ್ನು ಸೇರಿಸಿಯೇ. ಅದನ್ನು ಇನ್ನೊಮ್ಮೆ ಕೂಡಬೇಡಿ.

ಇನ್ನೊಂದು, ಜಪಾನಿನವರು ಕಂಪ್ಲಯನ್ಸನ್ನು 100 ಹರ್ಟ್ಜಿನಲ್ಲಿ ಅಳೆದು ಬರೆಯುತ್ತಾರೆ. ನಮ್ಮ ಲೆಕ್ಕಕ್ಕೆ ಬೇಕಾದದ್ದು 10 ಹರ್ಟ್ಜಿನ ಅಂಕಿ. 100ರ ಅಂಕಿಯನ್ನು 1.5ರಿಂದ 2ರಷ್ಟು ಏರಿಸಿಕೊಳ್ಳಬೇಕು, ನಾನು 1.7 ಹಿಡಿಯುತ್ತೇನೆ. ಸ್ಟ್ಯಾಟಿಕ್ ಎಂದು ಬರೆದ ದೊಡ್ಡ ಅಂಕಿಯನ್ನು ಇಲ್ಲಿ ಬಳಸಲೇಬಾರದು.

ಈಗ ನಿಮ್ಮ ಮೂರು, ಸ್ಕ್ರೂಗಳಿಗೆ 1 ಗ್ರಾಂ ಹಿಡಿದು.

ವಿಎಂ95ಎಂಎಲ್: ತೂಕ 6.1 ಗ್ರಾಂ, ಕಂಪ್ಲಯನ್ಸ್ 100 ಹರ್ಟ್ಜಿಗೆ 10, ಅಂದರೆ 17 ಎನ್ನೋಣ. 12 + 6.1 + 1 = 19.1. ಬರುವುದು 8.8 ಹರ್ಟ್ಜ್. ಇದೇ ಮೈಗೆ 95ಇ (ಎಲಿಪ್ಟಿಕಲ್, ಅಂದರೆ ಅಂಡಾಕಾರದ) ಸೂಜಿ ಹಾಕಿದರೆ ಕಂಪ್ಲಯನ್ಸ್ 7, ಉತ್ತರ 10.5ರ ಹತ್ತಿರ. ಎರಡೂ ಒಳ್ಳೆಯ ಜಾಗ.

2ಎಂ ಬ್ಲೂ: 7.2 ಗ್ರಾಂ, ಕಂಪ್ಲಯನ್ಸ್ 20. ಆರ್ಟೋಫೋನಿನ ಅಂಕಿಯನ್ನು ಏರಿಸಬೇಕಾಗಿಲ್ಲ, ಇದ್ದ ಹಾಗೇ ಹಾಕಿ. 7.9 ಹರ್ಟ್ಜ್. ಅಂಚಿನ ಮೇಲೆ ನಿಂತಿದೆ. ತಟ್ಟೆಗಳು ಚಪ್ಪಟೆ ಇದ್ದರೆ ನಡೆಯುತ್ತದೆ. ಸೊಟ್ಟ ಆದದ್ದು ಜಾಸ್ತಿ ಇದ್ದರೆ 5 ಗ್ರಾಮಿನ ಹಗುರ ಹೆಡ್‌ಶೆಲ್ ಹಾಕಿ, 8.5ಕ್ಕೆ ಬರುತ್ತದೆ. ಇದೇ ಬ್ಲೂ ಪ್ರೊ-ಜೆಕ್ಟ್ ಡೆಬ್ಯೂ ಕಾರ್ಬನ್ ಎಂಬ ಟರ್ನ್‌ಟೇಬಲ್ಲಿನ 6 ಗ್ರಾಮಿನ ಆರ್ಮಿನಲ್ಲಿ 9.4 ಬರುತ್ತದೆ, ಅಲ್ಲಿ ಹೇಳಿ ಮಾಡಿಸಿದ ಜೋಡಿ.

ಡಿಎಲ್-103: 8.5 ಗ್ರಾಂ, ಕಂಪ್ಲಯನ್ಸ್ 100 ಹರ್ಟ್ಜಿಗೆ 5, ಅಂದರೆ 8.5. ಒಟ್ಟು 21.5 ಗ್ರಾಂ, 11.8 ಹರ್ಟ್ಜ್. ಗಡಿಯ ಒಳಗೇ ಇದೆ, ಆದರೆ ಈ ಕಾರ್ಟ್ರಿಜ್ಜಿಗೆ ಇನ್ನೂ ಭಾರದ ಆರ್ಮ್ ಇಷ್ಟ.

ದಶಮಾಂಶಕ್ಕೆ ಹೊಡೆದಾಡಬೇಡಿ. ರಬ್ಬರು ಹಳತಾದರೆ ಗಟ್ಟಿಯಾಗುತ್ತದೆ, ಸೆಕೆಗೆ ಮೆದುವಾಗುತ್ತದೆ. ಕಾರವಾರದ ಮೇ ತಿಂಗಳಲ್ಲೂ ಶಿರಸಿಯ ಡಿಸೆಂಬರಿನಲ್ಲೂ ಒಂದೇ ಕಾರ್ಟ್ರಿಜ್ ಒಂದೇ ಅಂಕಿ ಕೊಡುವುದಿಲ್ಲ. ಆದರೆ 8ಕ್ಕೂ 5ಕ್ಕೂ ಇರುವ ಅಂತರ ದಶಮಾಂಶದ್ದಲ್ಲ, ಅದನ್ನು ಮಾತ್ರ ತಪ್ಪಿಸಬೇಕು.

ನನ್ನ ಆಯ್ಕೆ ವಿಎಂ95ಎಂಎಲ್.


ಅಘನಾಶಿನಿ, ಕುಮಟಾ

ಕಾಳಿದಂಡೆಯವರ ಲೆಕ್ಕ ಸರಿ, ಆಯ್ಕೆಯೂ ಸರಿ. ಆದರೆ ನಿಮ್ಮ ರೆಕಾರ್ಡುಗಳನ್ನು ನೋಡಿದರೆ ಎಂಎಲ್ ತಗೊಳ್ಳಲು ಇನ್ನೂ ದೊಡ್ಡ ಕಾರಣ ಬೇರೆ ಇದೆ.

ಖಯಾಲ್ ಎಲ್‌ಪಿಯ ರಚನೆ ನೆನಪು ಮಾಡಿಕೊಳ್ಳಿ. ಹೊರಗಿನ ಅಂಚಿನಲ್ಲಿ ವಿಲಂಬಿತ, ನಿಧಾನದ ಆಲಾಪ. ಬದಿ ಮುಗಿಯುತ್ತ ಬಂದ ಹಾಗೆ ದ್ರುತ್, ತಾನುಗಳ ಸುರಿಮಳೆ. ಅಂದರೆ ಅತಿ ಕಷ್ಟದ ಸಂಗೀತ ತಟ್ಟೆಯ ಅತಿ ಕಷ್ಟದ ಜಾಗದಲ್ಲಿ ಕೂತಿದೆ. ಹೊರ ಅಂಚಿನಲ್ಲಿ ಗ್ರೂವ್ (ತಟ್ಟೆಯ ಗೀರು) ಸೂಜಿಯ ಕೆಳಗೆ ಸೆಕೆಂಡಿಗೆ 51 ಸೆಂ.ಮೀ. ಓಡುತ್ತದೆ. ಮಧ್ಯದಿಂದ 60 ಮಿ.ಮೀ. ದೂರಕ್ಕೆ ಬರುವಾಗ 21 ಸೆಂ.ಮೀ. ಮಾತ್ರ. ಆ ಜಾಗದಲ್ಲಿ 10 ಕಿಲೋಹರ್ಟ್ಜಿನ ಒಂದು ಅಲೆಗೆ ಸಿಗುವ ಉದ್ದ 21 ಮೈಕ್ರಾನ್. ಡಿಎಲ್-103ರ ದುಂಡು ತುದಿಯ ತ್ರಿಜ್ಯ 16.5 ಮೈಕ್ರಾನ್. ಅಷ್ಟು ದಪ್ಪದ ದುಂಡು ಅಷ್ಟು ಕಿರಿದಾದ ಅಲೆಯೊಳಗೆ ಇಳಿಯುವುದೇ ಇಲ್ಲ, ಮೇಲಿಂದ ಮೇಲೆ ಸವರಿ ಹೋಗುತ್ತದೆ. ಸಕಾರ ಷಕಾರಗಳು ಹರಿದು ಬರುವುದು ಇದಕ್ಕೇ. ಎಂಎಲ್ ಅಂದರೆ ಮೈಕ್ರೋಲೀನಿಯರ್, ಆ ತುದಿ ಗ್ರೂವಿನ ಗೋಡೆಯನ್ನು ಮೇಲಿನಿಂದ ಕೆಳಗೆ ತೆಳುವಾಗಿ ಮುಟ್ಟುತ್ತದೆ, ಬದಿಯ ಕೊನೆಯ ನಾಲ್ಕು ನಿಮಿಷವೂ ಮೊದಲಿನ ನಾಲ್ಕು ನಿಮಿಷದ ಹಾಗೆ ಸ್ವಚ್ಛವಾಗಿರುತ್ತದೆ.

ಬಾಳಿಕೆಯನ್ನೂ ನೋಡಿ. ಆಡಿಯೋ-ಟೆಕ್ನಿಕಾದವರು ಹೇಳುವ ಆಯಸ್ಸು ಎಲಿಪ್ಟಿಕಲ್ಲಿಗೆ 300 ಗಂಟೆ, ಮೈಕ್ರೋಲೀನಿಯರಿಗೆ 1000. ಬದಿಗೆ 22 ನಿಮಿಷದಂತೆ 300 ಗಂಟೆ ಅಂದರೆ 800 ಬದಿ ಚಿಲ್ಲರೆ. ದಿನಕ್ಕೆರಡು ಬದಿ ಕೇಳಿದರೆ ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಇನ್ನು ಕೂರಿಸುವುದು. ಟೆಕ್ನಿಕ್ಸಿನ ಜೊತೆ ಬರುವ ಗೇಜು ಸೂಜಿ ತುದಿಯನ್ನು ಹೆಡ್‌ಶೆಲ್ಲಿನ ರಬ್ಬರ್ ವಾಷರಿನಿಂದ 52 ಮಿ.ಮೀ.ಗೆ ನಿಲ್ಲಿಸುತ್ತದೆ, ಓವರ್‌ಹ್ಯಾಂಗ್ (ಸೂಜಿ ತುದಿ ತಟ್ಟೆಯ ಮಧ್ಯಬಿಂದು ದಾಟಿ ಮುಂದೆ ಚಾಚುವ ದೂರ) 15 ಮಿ.ಮೀ. ಆ ಜೋಡಣೆಯಲ್ಲಿ ಸೂಜಿ ಗ್ರೂವಿಗೆ ಕರಾರುವಾಕ್ಕಾಗಿ ನೇರ ಇರುವುದು ಎರಡು ಕಡೆ, ಮಧ್ಯದಿಂದ 58.8 ಮತ್ತು 113.5 ಮಿ.ಮೀ. ಬೇರ್‌ವಾಲ್ಡ್ ಎಂಬ ಇನ್ನೊಂದು ಜೋಡಣೆಯ ಲೆಕ್ಕದಲ್ಲಿ ಅವು 66 ಮತ್ತು 120.9. ಬೇರ್‌ವಾಲ್ಡ್ ಬೇಕೆಂದರೆ ಕಾರ್ಟ್ರಿಜ್ಜನ್ನು ಸುಮಾರು 2.8 ಮಿ.ಮೀ. ಮುಂದೆ ತಳ್ಳಬೇಕು, ಜೊತೆಗೆ ಒಳಮುಖವಾಗಿ ಒಂದೂವರೆ ಡಿಗ್ರಿಗಿಂತ ಸ್ವಲ್ಪ ಹೆಚ್ಚು ತಿರುಗಿಸಬೇಕು. ಆಗ ಅದು ಹೆಡ್‌ಶೆಲ್ಲಿನಲ್ಲಿ ಸೊಟ್ಟ ಕೂತ ಹಾಗೆ ಕಾಣುತ್ತದೆ, ಹೆದರಬೇಡಿ. ನೋಡಬೇಕಾದದ್ದು ಸೂಜಿ ಹಿಡಿದ ಕಡ್ಡಿ ಪ್ರೊಟ್ರ್ಯಾಕ್ಟರಿನ (ಜೋಡಣೆ ನೋಡಲು ಗೆರೆ ಹಾಕಿದ ಅಳತೆಪಟ್ಟಿಯ) ಗೆರೆಗೆ ಸಮ ಇದೆಯೇ ಎಂದು. ಕಾರ್ಟ್ರಿಜ್ಜಿನ ಪ್ಲಾಸ್ಟಿಕ್ ಮೈ ಹೇಗೆ ಕೂತಿದೆ ಎನ್ನುವುದು ಮುಖ್ಯವಲ್ಲ.

ನಿಮಗೆ ಯಾವುದು ಒಳ್ಳೆಯದು? ದುಂಡು ಅಥವಾ ಎಲಿಪ್ಟಿಕಲ್ ಸೂಜಿಯಾದರೆ ಟೆಕ್ನಿಕ್ಸಿನ ಜೋಡಣೆಯನ್ನೇ ಬಿಡಿ, ಅದರ ಒಳಗಿನ ಬಿಂದು ಸರಿಯಾಗಿ ದ್ರುತ್ ಮುಗಿಯುವ ಕಡೆಯೇ ಬೀಳುತ್ತದೆ. ಎಂಎಲ್ ಆದರೆ ಬೇರ್‌ವಾಲ್ಡ್ ಹಾಕಿ, ಇಡೀ ಬದಿಗೆ ಸರಾಸರಿ ದೋಷ ಕಡಿಮೆ. ಆದರೆ ಎಂಎಲ್ ತುದಿ ತಪ್ಪನ್ನು ಕ್ಷಮಿಸುವ ಪೈಕಿ ಅಲ್ಲ. ಅರ್ಧ ಮಿ.ಮೀ. ತಪ್ಪಿದರೂ ದುಂಡು ಸೂಜಿಗಿಂತ ಬೇಗ ಗೊತ್ತಾಗುತ್ತದೆ.

ಎತ್ತರ: ಬೇರಿಂಗಿನ ಬುಡದ ಉಂಗುರ ತಿರುಗಿಸಿ, ತಟ್ಟೆಯ ಮೇಲೆ ಸೂಜಿ ಇಳಿದಾಗ ಹೆಡ್‌ಶೆಲ್ಲಿನ ಮೇಲ್ಮೈ ಮಟ್ಟಸ ಕಾಣುವ ಹಾಗೆ ಮಾಡಿ. 230 ಮಿ.ಮೀ. ಆರ್ಮಿನಲ್ಲಿ ಒಂದು ಡಿಗ್ರಿ ಬದಲಾಗಲು ಹಿಂಭಾಗವನ್ನು 4 ಮಿ.ಮೀ. ಎತ್ತಬೇಕು. ಹಾಗಾಗಿ ಕಾಲು ಮಿ.ಮೀ. ಮೇಲೆ-ಕೆಳಗೆ ಮಾಡಿ ತಲೆ ಕೆಡಿಸಿಕೊಳ್ಳುವುದು ಬೇಡ.

78ರ ಬಗ್ಗೆ ಒಂದು ಮಾತು. ಎಂಕೆ2ನಲ್ಲಿ 33 ಮತ್ತು 45 ವೇಗ ಮಾತ್ರ ಇವೆ, ಆ ತಟ್ಟೆಗಳು ಅದರಲ್ಲಿ ನುಡಿಯುವುದಿಲ್ಲ. ಬೇರೆ ಯಂತ್ರದಲ್ಲಿ ಹಾಕುವುದಾದರೂ ಎಲ್‌ಪಿ ಸೂಜಿ ಬೇಡ, ಅದು ಅಗಲ ಗ್ರೂವಿನ ತಳದಲ್ಲಿ ಬಿದ್ದು ಕಸ ಕೆರೆಯುತ್ತದೆ. 3 ಮಿಲ್ (ಇಂಚಿನ ಸಾವಿರದಲ್ಲಿ ಮೂರು ಪಾಲು) ತ್ರಿಜ್ಯದ ಸೂಜಿ ಬೇಕು. ವಿಎಂ95 ಮೈಗೆ ಕೂರುವ ಎಸ್‌ಪಿ ಸೂಜಿ ಅದಕ್ಕೆಂದೇ ಇರುವುದು.


ಶರಾವತಿ ಬಾಯಿ, ಹೊನ್ನಾವರ

ಡಿಎಲ್-103ನ್ನು ಇಷ್ಟು ಸುಲಭಕ್ಕೆ ತಳ್ಳಿಹಾಕಬೇಡಿ ಮಾರಾಯ್ರೇ. ಮನುಷ್ಯರ ಕಂಠಕ್ಕೆ, ಹಾರ್ಮೋನಿಯಮ್ಮಿಗೆ ಅದು ಕೊಡುವ ಮೈಕಟ್ಟು ಬೇರೆಯದರಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಯಕ್ಷಗಾನದ ಚಂಡೆಯ ಪೆಟ್ಟು ಕೇಳಿ ನೋಡಿ. 10.5 ಗ್ರಾಮಿನ ಹೆಡ್‌ಶೆಲ್ ಹಾಕಿದರೆ ಒಟ್ಟು 24.5 ಆಗಿ 11 ಹರ್ಟ್ಜಿಗೆ ಇಳಿಯುತ್ತದೆ. ಹೆಡ್‌ಶೆಲ್ ಸೇರಿ ತುದಿಯ ಭಾರ 20 ಗ್ರಾಂ ಆಗುವುದರಿಂದ ಕೌಂಟರ್‌ವೇಟಿನ ಹಿಂದೆ ಸಿಕ್ಕಿಸುವ ಹೆಚ್ಚುವರಿ ತೂಕ ಬೇಕು. ಸೂಜಿಯ ಒತ್ತಡ 2.5 ಗ್ರಾಂ.

ಅದು ಎಂಎಂ ಅಲ್ಲ, ಮೂವಿಂಗ್ ಕಾಯಿಲ್, ಔಟ್‌ಪುಟ್ 0.3 ಮಿಲಿವೋಲ್ಟ್ ಅಷ್ಟೇ. ನಿಮ್ಮ ಎಂಎಂ ಫೋನೋದ ಮುಂದೆ ಸಿಗ್ನಲ್ಲನ್ನು ಹತ್ತು ಪಟ್ಟು ಏರಿಸುವ 1:10 ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ಇಟ್ಟರೆ 3 ಮಿಲಿವೋಲ್ಟ್ ಆಗುತ್ತದೆ. ಫೋನೋ ಇನ್‌ಪುಟ್ಟಿನ 47 ಕಿಲೋ-ಓಮ್ ಅನ್ನು 10ರ ವರ್ಗದಿಂದ ಭಾಗಿಸಿದರೆ 470 ಓಮ್. 40 ಓಮಿನ ಕಾರ್ಟ್ರಿಜ್ಜಿಗೆ ಅದು ಹದವಾದ ಲೋಡು.


ಕಾಳಿದಂಡೆ, ಕಾರವಾರ

ಶರಾವತಿ ಬಾಯಿಯವರು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಕೇಳಿದವರ ಕಡೆಯಿಂದ ನೋಡಿ. ಡಿಎಲ್-103 ತಂದರೆ ಹೆಡ್‌ಶೆಲ್ ಬೇರೆ, ಹೆಚ್ಚುವರಿ ತೂಕ ಬೇರೆ, ಟ್ರಾನ್ಸ್‌ಫಾರ್ಮರ್ ಬೇರೆ. ಆ ಟ್ರಾನ್ಸ್‌ಫಾರ್ಮರನ್ನು ಆಂಪ್ಲಿಫೈಯರಿನ ಪವರ್ ಟ್ರಾನ್ಸ್‌ಫಾರ್ಮರಿನಿಂದ ಒಂದು ಮೊಳವಾದರೂ ದೂರ ಇಡದಿದ್ದರೆ ಗುಂಯ್‌ಗುಟ್ಟುತ್ತದೆ. ಕರೆಂಟು ಹೋಗಿ ಸ್ಕ್ವೇರ್ ವೇವ್ ಇನ್ವರ್ಟರಿನ ಮೇಲೆ ಓಡಿಸಿದರಂತೂ ಅಷ್ಟು ಸಣ್ಣ ಸಿಗ್ನಲ್ಲಿನ ಜೊತೆ ಜೀರುಂಡೆ ಸದ್ದು ಸೇರುವುದು ಖಾತ್ರಿ. ಎಲ್ಲಕ್ಕಿಂತ ಮೇಲಾಗಿ, ಸೂಜಿ ಸವೆದರೆ ಇಡೀ ಕಾರ್ಟ್ರಿಜ್ಜೇ ಬದಲಿಸಬೇಕು ಅಥವಾ ರೀಟಿಪ್‌ಗೆ (ಹೊಸ ತುದಿ ಕೂರಿಸಲು) ಕಳಿಸಬೇಕು. ವಿಎಂ95ರಲ್ಲಿ ಸೂಜಿಯನ್ನು ಕೈಯಲ್ಲೇ ಎಳೆದು ಹೊಸದು ಸಿಕ್ಕಿಸಬಹುದು. ದ್ರುತ್‌ನ ಕೊನೆಗೆ ದುಂಡು ಸೂಜಿಯ ಕಷ್ಟ ಅಘನಾಶಿನಿಯವರು ಹೇಳಿಯಾಗಿದೆ. ಎರಡನೇ ಕಾರ್ಟ್ರಿಜ್ ಆಗಿ ಡಿಎಲ್-103 ಚಂದ. ಮೊದಲನೆಯದಾಗಿ ಬೇಡ.


ಮೆತ್ತಿನಮನೆ, ಶಿರಸಿ

ಎಲ್ಲರಿಗೂ ಧನ್ಯವಾದ. ವಿಎಂ95ಎಂಎಲ್ ಎಂದು ತೀರ್ಮಾನ ಮಾಡಿದೆ. ಎರಡು ಪ್ರಶ್ನೆ ಉಳಿದಿವೆ. ಅದರ ಕಾಗದದಲ್ಲಿ ಲೋಡ್ ಕೆಪಾಸಿಟೆನ್ಸ್ 100–200 ಪಿಕೋಫ್ಯಾರಡ್ ಎಂದಿದೆ. ಆಂಪ್ಲಿಫೈಯರಿನ ಪುಸ್ತಕದಲ್ಲಿ ಆ ಅಂಕಿಯೇ ಇಲ್ಲ. ಅದು ಎಷ್ಟು ಮುಖ್ಯ? ಮತ್ತೆ, ತಂತಿಯ ಹಸಿರು ಉಜ್ಜಿದರೆ ಸಾಕೇ?


ಅಘನಾಶಿನಿ, ಕುಮಟಾ

ಕೆಪಾಸಿಟೆನ್ಸ್ ಮುಖ್ಯ. ಮೂವಿಂಗ್ ಮ್ಯಾಗ್ನೆಟ್ಟಿನ ಸುರುಳಿಯೂ ಕೇಬಲ್ಲಿನ ಕೆಪಾಸಿಟೆನ್ಸೂ ಸೇರಿ ಮೇಲಿನ ಸ್ವರಗಳಲ್ಲಿ ಇನ್ನೊಂದು ಉಬ್ಬು ಮಾಡುತ್ತವೆ. ವಿಎಂ95ರ ಸುರುಳಿ 550 ಮಿಲಿಹೆನ್ರಿ. ಒಟ್ಟು 150 ಪಿಕೋಫ್ಯಾರಡ್ ಇದ್ದರೆ ಆ ಉಬ್ಬು 17.5 ಕಿಲೋಹರ್ಟ್ಜಿನಲ್ಲಿ ಕೂರುತ್ತದೆ, ತೊಂದರೆ ಇಲ್ಲ. 330 ಆದರೆ 12ಕ್ಕೆ ಇಳಿಯುತ್ತದೆ. ಆಗ ತಂಬೂರಿಯ ಜವಾರಿ (ತಂತಿಯ ಝೇಂಕಾರ) ಚುಚ್ಚುತ್ತದೆ, ತಟ್ಟೆಯ ಚಟಪಟ ಜೋರಾಗುತ್ತದೆ, ಅದರಾಚೆಯ ಸ್ವರಗಳು ಇದ್ದಕ್ಕಿದ್ದಂತೆ ಮಾಯ. ಕಾರ್ಟ್ರಿಜ್ಜೇ ಕರ್ಕಶ ಎಂದು ಬೈಯುವವರಲ್ಲಿ ಬಹಳ ಜನರ ಮನೆಯಲ್ಲಿ ಇರುವ ದೋಷ ಇದೇ.

ಅಳೆಯುವುದು ಸುಲಭ. ಕೆಪಾಸಿಟೆನ್ಸ್ ಅಳೆಯುವ ಮಲ್ಟಿಮೀಟರ್ ತಗೊಳ್ಳಿ. ಹೆಡ್‌ಶೆಲ್ ಬಿಚ್ಚಿಡಿ, ಪಿನ್ನುಗಳನ್ನು ಆಂಪ್ಲಿಫೈಯರಿನಿಂದ ಕೀಳಿ. ಪಿನ್ನಿನ ನಡುಗಡ್ಡಿ ಮತ್ತು ಹೊರ ಉಂಗುರದ ನಡುವೆ ಅಳೆದರೆ ಆರ್ಮಿನ ತಂತಿ ಮತ್ತು ಕೇಬಲ್ಲಿನದು ಸಿಗುತ್ತದೆ. ಮೀಟರಿನ ತಂತಿಗಳದ್ದೇ ಎಷ್ಟು ತೋರಿಸುತ್ತದೆ ಎಂದು ಮೊದಲು ನೋಡಿ ಕಳೆಯಿರಿ. 100ರ ಸುತ್ತ ಬಂದರೆ, ಆಂಪ್ಲಿಫೈಯರಿನ ಕಡೆ 100 ಇದ್ದರೂ ನೀವು ಮಿತಿಯ ಒಳಗೆ. ಹಳೇ ಆಂಪ್ಲಿಫೈಯರುಗಳಲ್ಲಿ ಫೋನೋ ಇನ್‌ಪುಟ್ಟಿಗೆ ಅಡ್ಡ 220 ಪಿಕೋಫ್ಯಾರಡ್ಡಿನ ಪುಟ್ಟ ಕೆಪಾಸಿಟರ್ ಬೆಸೆದಿರುವುದುಂಟು. ಸರ್ಕಿಟ್ ಓದಬಲ್ಲ ಮೆಕ್ಯಾನಿಕ್ ಅದನ್ನು ತೆಗೆದು 47ರದ್ದು ಹಾಕಿಕೊಡುತ್ತಾರೆ. ಅದು ಬೇಡವೆಂದರೆ ಕೆಪಾಸಿಟೆನ್ಸ್ ಬದಲಿಸುವ ಸ್ವಿಚ್ಚು ಇರುವ ಹೊರಗಿನ ಫೋನೋ ಪೆಟ್ಟಿಗೆ.

ತಂತಿ ಉಜ್ಜಬೇಡಿ, ಬದಲಿಸಿ. ನಾಲ್ಕು ತಂತಿಯ ಸೆಟ್ಟು ಸಿಗುತ್ತದೆ. ಹಸಿರು ತುದಿಯಲ್ಲಿ ಮಾತ್ರ ಕಾಣುತ್ತದೆ, ಆದರೆ ಹೊದಿಕೆಯ ಒಳಗೂ ಸೇರಿರುತ್ತದೆ. ಬಿಳಿ ಎಡ, ಕೆಂಪು ಬಲ, ನೀಲಿ ಎಡದ ಅರ್ತ್, ಹಸಿರು ಬಲದ ಅರ್ತ್. ಕ್ಲಿಪ್ಪು ಸಡಿಲ ಇದ್ದರೆ ಒಳಗೆ ಹಲ್ಲುಕಡ್ಡಿ ಇಟ್ಟು ಚಿಮಟದಲ್ಲಿ ಒಂಚೂರು ಒತ್ತಿ. ಬಿಗಿ ಇದ್ದರೆ ಅದೇ ಹಲ್ಲುಕಡ್ಡಿಯಿಂದ ಅಗಲಿಸಿ. ಬಿಗಿ ಕ್ಲಿಪ್ಪನ್ನು ಬಲವಂತವಾಗಿ ತುರುಕಿದರೆ ಕಾರ್ಟ್ರಿಜ್ಜಿನ ಪಿನ್ ಒಳಗೆ ಕುಸಿದು ಕೂದಲೆಳೆಯಂಥ ತಂತಿ ಹರಿಯುತ್ತದೆ, ಅಲ್ಲಿಗೆ ಮುಗಿಯಿತು. ಪಿನ್ನಿಗೆ ನೇರ ಬೆಸುಗೆಯಂತೂ ಬೇಡವೇ ಬೇಡ. ಸೂಜಿಯನ್ನು ಮೊದಲೇ ಎಳೆದು ಡಬ್ಬಿಯಲ್ಲಿಟ್ಟು ಈ ಕೆಲಸಕ್ಕೆ ಕೈ ಹಾಕಿ.


ಘಟ್ಟದ ದಾರಿ, ಯಲ್ಲಾಪುರ

ಎಲ್ಲರೂ ಕಾರ್ಟ್ರಿಜ್ಜಿನ ಮಾತಾಡಿದಿರಿ, ನೆಲದ ಮಾತು ಯಾರೂ ಎತ್ತಲಿಲ್ಲ. ಮೆತ್ತಿನ ಹಲಗೆ ನೆಲದ ಮೇಲೆ ಕಪಾಟು, ಕಪಾಟಿನ ಮೇಲೆ ಟರ್ನ್‌ಟೇಬಲ್ ಅಂದಿದ್ದಾರೆ. ಹೆಜ್ಜೆ ಇಟ್ಟರೆ ಹಲಗೆ ತೂಗುವುದೂ ಕೆಲವೇ ಹರ್ಟ್ಜಿನಲ್ಲಿ. 8.8ರ ಲೆಕ್ಕ ಎಷ್ಟೇ ಚಂದ ಇದ್ದರೂ ಯಾರಾದರೂ ಮೆತ್ತು ಹತ್ತಿ ಬಂದರೆ ಸೂಜಿ ಹಾರುತ್ತದೆ. ಕೆಳಗೆ ಕಡಪಾ ಕಲ್ಲಿನ ಹಲಗೆ ಇಟ್ಟರೂ ಕಪಾಟಿನ ಜೊತೆ ಕಲ್ಲೂ ತೂಗುತ್ತದೆ. ಈ ಯಂತ್ರ 12 ಕಿಲೋ ಆಸುಪಾಸು, ಅದನ್ನು ಗೋಡೆಗೆ ಕಟ್ಟಿದ ಹಲಗೆಯ ಮೇಲೆ ಇಡಿ.

ಗೋಡೆ ಚಿರೆಕಲ್ಲಿನದಾದರೆ ಜಾಗ್ರತೆ. ಕಲ್ಲು ತೂತುತೂತು, ಚಿಕ್ಕ ಪ್ಲಾಸ್ಟಿಕ್ ಪ್ಲಗ್ಗು ಮೊದಲ ದಿನ ಹಿಡಿದ ಹಾಗೆ ಕಂಡು ಆಮೇಲೆ ಪುಡಿ ಉದುರಿ ಸಡಿಲವಾಗುತ್ತದೆ. 100 ಮಿ.ಮೀ.ಗೆ ಕಡಿಮೆ ಇಲ್ಲದ ಉದ್ದದ ಫಾಸ್ಟನರ್ ಹಾಕಿ ಅಥವಾ ಕೆಮಿಕಲ್ ಆಂಕರ್ ತುಂಬಿಸಿ. ಹ್ಯಾಮರ್ ಮೋಡ್ ಬಂದ್ ಮಾಡಿ ಡ್ರಿಲ್ ಓಡಿಸಿ, ಇಲ್ಲವಾದರೆ ತೂತು ಅಗಲವಾಗುತ್ತದೆ. ಹೊರಗಿನ ಮಳೆ ಹೊಡೆಯುವ ಗೋಡೆ ಬೇಡ, ಒಳಗೋಡೆ ಆರಿಸಿ. ಸ್ಪೀಕರನ್ನು ಅದೇ ಹಲಗೆಯ ಮೇಲೆ ಇಡುವ ಯೋಚನೆಯೂ ಬೇಡ.

ಮಳೆಗಾಲಕ್ಕೆ: ಜೂನಿನಿಂದ ಸೆಪ್ಟೆಂಬರ್ ತನಕ ಬಳಸದ ಕಾರ್ಟ್ರಿಜ್ಜನ್ನು ಹೆಡ್‌ಶೆಲ್ ಸಮೇತ ಬಿಚ್ಚಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಹೆಡ್‌ಶೆಲ್ಲಿನ ಹಿಂದಿನ ನಾಲ್ಕು ಚುಕ್ಕೆ ಮತ್ತು ಆರ್ಮಿನ ಒಳಗಿನ ನಾಲ್ಕು ಸ್ಪ್ರಿಂಗ್ ಪಿನ್ನನ್ನು ಎರಡು ತಿಂಗಳಿಗೊಮ್ಮೆ ಐಸೋಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಹತ್ತಿಕಡ್ಡಿಯಿಂದ ಒರೆಸಿ. ಕರಾವಳಿಯವರು ತಿಂಗಳಿಗೊಮ್ಮೆ ಮಾಡಿದರೆ ಒಳ್ಳೆಯದು, ಉಪ್ಪುಗಾಳಿ ಸುಮ್ಮನೆ ಬಿಡುವುದಿಲ್ಲ. ಒಂದು ಕಡೆಯ ಸದ್ದು ಬಂದು ಹೋಗಿ ಆಗುತ್ತಿದ್ದರೆ ಮೊದಲ ಅನುಮಾನ ಅಲ್ಲೇ ಪಡಿ.

ಎಲ್‌ಪಿಯ ಮೇಲೆ ಬಿಳಿ ಬೂಷ್ಟಿನ ಚುಕ್ಕೆ ಕಂಡರೆ ತೊಳೆಯದೆ ಹಾಕಬೇಡಿ. ಅದು ಸೂಜಿಯ ತುದಿಗೆ ಉಂಡೆಯಾಗಿ ಕಟ್ಟಿಕೊಂಡು ಗ್ರೂವಿನಿಂದ ಎತ್ತಿಬಿಡುತ್ತದೆ. ಡಿಸ್ಟಿಲ್ಡ್ ವಾಟರಿಗೆ ಶೇ. 10ರಷ್ಟು ಐಸೋಪ್ರೊಪೈಲ್, ಎರಡು ಹನಿ ಬಣ್ಣ-ವಾಸನೆ ಇಲ್ಲದ ಸೋಪು, ಆಮೇಲೆ ಬರೀ ಡಿಸ್ಟಿಲ್ಡ್ ವಾಟರ್. ಇದು ವಿನೈಲಿಗೆ ಮಾತ್ರ. ನಿಮ್ಮ 78ರ ತಟ್ಟೆಗಳು ಅರಗಿನವು, ಆಲ್ಕೋಹಾಲ್ ತಾಗಿದರೆ ಅರಗು ಕರಗಿ ಗ್ರೂವೇ ಅಳಿಸಿಹೋಗುತ್ತದೆ. ಅವಕ್ಕೆ ನೀರು-ಸೋಪು ಮಾತ್ರ, ಅದೂ ಬೇಗ ಒರೆಸಿ ತೆಗೆಯಬೇಕು.

ಸೂಜಿ ಒರೆಸುವುದು ಹಿಂದಿನಿಂದ ಮುಂದಕ್ಕೆ, ತಟ್ಟೆ ಓಡುವ ದಿಕ್ಕಿಗೇ. ಅಡ್ಡಡ್ಡ ಒರೆಸಿದರೆ ಕಡ್ಡಿ ಮುರಿಯುತ್ತದೆ.


ಮೆತ್ತಿನಮನೆ, ಶಿರಸಿ

ಗೋಡೆಯ ಹಲಗೆ ಆಯಿತು. ಕಾರ್ಟ್ರಿಜ್ ಬೇರ್‌ವಾಲ್ಡ್ ಪ್ರಕಾರ ಕೂತಿದೆ. ಆರ್ಮ್ ಮತ್ತು ಕೇಬಲ್ಲಿನದು 95 ಪಿಕೋಫ್ಯಾರಡ್ ಬಂತು. ಒತ್ತಡ ಡಯಲಿನಲ್ಲಿ 2 ಗ್ರಾಂ, ಆಂಟಿ-ಸ್ಕೇಟಿಂಗ್ (ಆರ್ಮ್ ಒಳಕ್ಕೆ ಎಳೆಯುವುದನ್ನು ತಡೆಯುವ ಡಯಲು) 1. ಹೊರಗಿನ ಭಾಗ ಸ್ಫಟಿಕದ ಹಾಗೆ ಇದೆ. ಆದರೆ ಬದಿಯ ಕೊನೆಗೆ ಜೋರು ತಾನ್ ಬಂದಾಗ ಬಲಗಡೆಯ ಸ್ಪೀಕರಿನಲ್ಲಿ ಮಾತ್ರ ಸ್ವಲ್ಪ ಒಡೆಯುತ್ತದೆ. ಇನ್ನೊಂದು: ಒಂದು ತಟ್ಟೆಯಲ್ಲಿ ತಂಬೂರಿಯ ಶ್ರುತಿ ನಿಧಾನವಾಗಿ ಮೇಲೆ-ಕೆಳಗೆ ಆಗುತ್ತದೆ.


ಕಾಳಿದಂಡೆ, ಕಾರವಾರ

ಬಲ ಮಾತ್ರ ಒಡೆಯುತ್ತಿದ್ದರೆ ಉತ್ತರ ನೀವೇ ಬರೆದಿದ್ದೀರಿ, ಆಂಟಿ-ಸ್ಕೇಟಿಂಗ್ ಕಡಿಮೆ. ಆರ್ಮ್ ಒಳಗಡೆ ಎಳೆಯುವ ಸ್ವಭಾವದ್ದು. ಎಳೆದಾಗ ಸೂಜಿ ಒಳಗೋಡೆಗೆ ಒತ್ತಿಕೊಳ್ಳುತ್ತದೆ, ಅದು ಎಡ ಚಾನೆಲ್. ಹೊರಗೋಡೆ, ಅಂದರೆ ಬಲ ಚಾನೆಲ್, ಹಿಡಿತ ತಪ್ಪುತ್ತದೆ. ಡಯಲನ್ನು 1ರಿಂದ 1.5ಕ್ಕೆ ತನ್ನಿ, ಅದೇ ತಾನ್ ಮತ್ತೆ ಕೇಳಿ. ಸಾಲದಿದ್ದರೆ 2. ಎಡ ಒಡೆಯಲು ಶುರುವಾದರೆ ಹಿಂದಕ್ಕೆ. ಗ್ರೂವ್ ಇಲ್ಲದ ನುಣುಪು ತಟ್ಟೆಯ ಮೇಲೆ ಆರ್ಮ್ ನಿಲ್ಲುವಂತೆ ಹೊಂದಿಸುವ ಪದ್ಧತಿ ಇದೆಯಲ್ಲ, ಅದನ್ನು ಅನುಸರಿಸಬೇಡಿ. ಗ್ರೂವಿನ ಘರ್ಷಣೆಯೇ ಬೇರೆ.

ಅದಕ್ಕೆ ಮೊದಲು ಒತ್ತಡವನ್ನು ಅಳೆಯಿರಿ. ಡಯಲಿನ 2 ನಿಜವಾಗಿ 2 ಆಗಿರಬೇಕೆಂದಿಲ್ಲ, ಸೊನ್ನೆ ಮಾಡುವಾಗ ಆರ್ಮ್ ಕೂದಲಷ್ಟು ಕೆಳಗೆ ಬಾಗಿದ್ದರೂ ತಪ್ಪು ಸೇರುತ್ತದೆ. ಚಿನ್ನದಂಗಡಿಯಲ್ಲಿ ಬಳಸುವಂಥ 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಸಾಕು. ಆದರೆ ಅದರ ಉಕ್ಕಿನ ತಟ್ಟೆಗೆ ಕಾರ್ಟ್ರಿಜ್ಜಿನ ಅಯಸ್ಕಾಂತ ಅಂಟಿ ಅಂಕಿ ತಪ್ಪುತ್ತದೆ, ಪ್ಲಾಸ್ಟಿಕ್ ಸೇತುವೆ ಮಾಡಿ ಸೂಜಿಯನ್ನು ತಟ್ಟೆಯಿಂದ ದೂರ ಇಳಿಸಿ. ಸೂಜಿ ಇಳಿಯುವ ಎತ್ತರ ರೆಕಾರ್ಡಿನ ಎತ್ತರಕ್ಕೇ ಸಮ ಇರಲಿ. ಇದಕ್ಕೆ 1.8ರಿಂದ 2.2 ನಡೆಯುತ್ತದೆ, 2.0–2.1 ಇಡಿ. ಕಡಿಮೆ ಒತ್ತಡದಿಂದ ರೆಕಾರ್ಡ್ ಉಳಿಯುತ್ತದೆ ಎನ್ನುವುದು ತಪ್ಪು. ಹಗುರಾಗಿ ಹಾರಾಡುವ ಸೂಜಿಯೇ ಗೋಡೆಯನ್ನು ಹೆಚ್ಚು ಕೆತ್ತುತ್ತದೆ.

ತಂಬೂರಿ ತೇಲುವುದಕ್ಕೆ ಕಾರ್ಟ್ರಿಜ್ ಕಾರಣ ಅಲ್ಲ. ತಟ್ಟೆಯ ನಡುವಿನ ತೂತು ಸರಿಯಾಗಿ ಮಧ್ಯದಲ್ಲಿ ಇಲ್ಲ. ಅರ್ಧ ಮಿ.ಮೀ. ಸರಿದಿದ್ದರೂ ಒಳಗಿನ ಗ್ರೂವಿನಲ್ಲಿ ಶ್ರುತಿ ಶೇ. 0.8ರಷ್ಟು ಮೇಲೂ ಕೆಳಗೂ ಹೋಗುತ್ತದೆ. ಸಿನಿಮಾ ಹಾಡಿನಲ್ಲಿ ಅದು ಮುಚ್ಚಿಹೋಗುತ್ತದೆ, ತಂಬೂರಿಯಲ್ಲಿ ಮುಚ್ಚುವುದಿಲ್ಲ. ಹಾಡು ಮುಗಿದ ಮೇಲಿನ ಖಾಲಿ ಗ್ರೂವಿನಲ್ಲಿ ಹೆಡ್‌ಶೆಲ್ಲನ್ನು ಮೇಲಿನಿಂದ ನೋಡಿ, ಸುತ್ತಿಗೊಮ್ಮೆ ಎಡಕ್ಕೂ ಬಲಕ್ಕೂ ಸರಿದಾಡಿದರೆ ದೋಷ ಅದೇ. ಬೇರೆ ತಟ್ಟೆಯಲ್ಲಿ ಸರಿದಾಡದಿದ್ದರೆ ನಿಮ್ಮ ಯಂತ್ರದಲ್ಲಿ ತಪ್ಪಿಲ್ಲ.

ಕೊನೆಗೆ ಲಯದ ಲೆಕ್ಕ ತಾಳೆ ನೋಡಬೇಕೆಂದರೆ ಹಾಡಿಲ್ಲದ ಗ್ರೂವನ್ನು ಕಂಪ್ಯೂಟರಿಗೆ ರೆಕಾರ್ಡ್ ಮಾಡಿ, ಅಡಾಸಿಟಿ ಎಂಬ ಸಾಫ್ಟ್‌ವೇರಿನಲ್ಲಿ ಸ್ಪೆಕ್ಟ್ರಮ್ (ಯಾವ ಹರ್ಟ್ಜಿನಲ್ಲಿ ಎಷ್ಟು ಸದ್ದು ಎಂಬ ಚಿತ್ರ) ತೆಗೆಯಿರಿ. 20 ಹರ್ಟ್ಜಿನ ಕೆಳಗೆ ಒಂದು ದಿಣ್ಣೆ ಕಾಣುತ್ತದೆ. ಸಬ್‌ಸಾನಿಕ್ ಫಿಲ್ಟರ್ (ಅತಿ ತಗ್ಗು ಕಂಪನ ತಡೆಯುವ ಸ್ವಿಚ್ಚು) ಇದ್ದರೆ ಬಂದ್ ಮಾಡಿಡಿ, ಇಲ್ಲದಿದ್ದರೆ ದಿಣ್ಣೆಯನ್ನೇ ಅದು ಕತ್ತರಿಸಿಬಿಡುತ್ತದೆ.


ಮೆತ್ತಿನಮನೆ, ಶಿರಸಿ

ತಕ್ಕಡಿಯಲ್ಲಿ 1.76 ಇತ್ತು, 2.05 ಮಾಡಿದೆ. ಆಂಟಿ-ಸ್ಕೇಟಿಂಗ್ 1.5. ಬಲಗಡೆಯ ಒಡಕು ಹೋಯಿತು. ದಿಣ್ಣೆ 9ರ ಹತ್ತಿರ ಕಾಣುತ್ತಿದೆ. ತಂಬೂರಿ ತೇಲುವ ತಟ್ಟೆಯಲ್ಲಿ ಹೆಡ್‌ಶೆಲ್ ಸರಿದಾಡುತ್ತದೆ, ಬೇರೆಯದರಲ್ಲಿ ಇಲ್ಲ.